ಕಡಲು ಬಾಗಿಲು ಹಾಕುವ ಊರು

ಈಸ್ಟರ್ ರಜೆಯ ಬೆಳಗು. ಇಂಗ್ಲೆಂಡಿನ ಈಶಾನ್ಯಕ್ಕಿರುವ ನ್ಯೂಕ್ಯಾಸಲ್ ನಗರದಿಂದ ಸಂಸಾರವೊಂದು ಮೋಟಾರಿನಲ್ಲಿ ಉತ್ತರದ ಕಡೆಗೆ ಹೊರಟಿದೆ. ತಂದೆ, ತಾಯಿ, ಇಬ್ಬರು ಮಕ್ಕಳು. ಹಿಂದಿನ ಆಸನದಲ್ಲಿ ಉಣ್ಣೆಯ ಶಾಲು ಹೊದ್ದ ಅಜ್ಜಿ. ಬುಟ್ಟಿಯಲ್ಲಿ ಬುತ್ತಿ, ಫ್ಲಾಸ್ಕಿನಲ್ಲಿ ಚಹ, ಮಕ್ಕಳ ಕೈಯಲ್ಲಿ ಚಾಕೊಲೇಟಿನ ಮೊಟ್ಟೆಗಳು. ಇವೆಲ್ಲಕ್ಕಿಂತ ಮುಖ್ಯವಾದುದು ತಾಯಿಯ ಮಡಿಲಿನಲ್ಲಿರುವ ಒಂದು ಕಾಗದ. ಅಂದು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಕಡಲನ್ನು ದಾಟಬಹುದೆಂಬುದು ಅದರಲ್ಲಿ ಅಚ್ಚಾಗಿದೆ.

ಅವರು ಹೋಗುತ್ತಿರುವುದು ನಾರ್ತಂಬರ್‌ಲೆಂಡ್ ತೀರದ ಲಿಂಡಿಸ್‌ಫಾರ್ನ್‌ಗೆ. ಜನರ ಬಾಯಲ್ಲಿ ಅದು ಹೋಲಿ ಐಲೆಂಡ್, ಪವಿತ್ರ ದ್ವೀಪ. ದಿನಕ್ಕೆ ಎರಡು ಬಾರಿ ಅದು ದ್ವೀಪ, ಎರಡು ಬಾರಿ ನೆಲದ ಮುಂದುವರಿದ ತುದಿ. ನಡುವಿನ ಮರಳ ಬಯಲಿನ ಮೇಲೆ 1954ರಲ್ಲಿ ಒಂದು ರಸ್ತೆ ಆಯಿತು. ಇಳಿತದಲ್ಲಿ ಅದು ಎಲ್ಲ ರಸ್ತೆಗಳಂತೆಯೇ; ಉಬ್ಬರದಲ್ಲಿ ಮೋಟಾರನ್ನು ಮುಳುಗಿಸಬಲ್ಲ ನೀರು ಅದರ ಮೇಲೆ ನಿಲ್ಲುತ್ತದೆ. ಪಕ್ಕದಲ್ಲಿ, ಮರಳಿನಲ್ಲಿ ನೆಟ್ಟ ಕಂಬಗಳ ಸಾಲು ಹಳೆಯ ಯಾತ್ರಿಕರ ಹಾದಿಯನ್ನು ತೋರಿಸುತ್ತದೆ. ಶುಭ ಶುಕ್ರವಾರದಂದು ದೊಡ್ಡ ಮರದ ಶಿಲುಬೆಗಳನ್ನು ಹೆಗಲ ಮೇಲೆ ಹೊತ್ತ ಯಾತ್ರಿಕರು ಇದೇ ಹಾದಿಯಲ್ಲಿ ಬರುತ್ತಾರೆ, ಹಲವರದು ಬರಿಗಾಲು.

ಈಸ್ಟರಿಗೂ ಇಲ್ಲಿನ ಉಬ್ಬರಕ್ಕೂ ಹತ್ತಿರದ ನಂಟು. ನಮ್ಮ ಹಬ್ಬಗಳಂತೆ ಇದೂ ಚಂದ್ರನನ್ನು ನೋಡಿ ಬರುವ ಹಬ್ಬ. ಮಾರ್ಚ್ ತಿಂಗಳ ವಿಷುವದ ತರುವಾಯ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹೀಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತಿರುತ್ತದೆ. ಹುಣ್ಣಿಮೆಯಲ್ಲಿ ಕಡಲು ಉಕ್ಕುವುದನ್ನು ಕಾರವಾರ, ಮಲ್ಪೆಗಳ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಷುವದ ಆಸುಪಾಸಿನಲ್ಲಂತೂ ಉಬ್ಬರ ಇನ್ನಷ್ಟು ಹಿರಿದು. ಊರಿನವರಲ್ಲದ ಜನ ಗುಂಪುಗುಂಪಾಗಿ ದಡಕ್ಕೆ ಬರುವ ರಜೆಯೇ ಹಿರಿಯ ನೀರಿನ ಬೆನ್ನುಹಿಡಿದು ಬರುತ್ತದೆ!

ಈ ಹಬ್ಬದ ಲೆಕ್ಕಾಚಾರವು ಹಿಂದೊಮ್ಮೆ ದ್ವೀಪದ ಮಠವನ್ನೇ ಒಡೆಯಿತು. ಅಯೋನಾ ದ್ವೀಪದಿಂದ ಬಂದ ಸಂತ ಐಡನ್ 635ರಲ್ಲಿ ಇಲ್ಲಿ ಮಠ ಕಟ್ಟಿದನು. ಅವನ ಶಿಷ್ಯರದು ಐರಿಷ್ ಪದ್ಧತಿಯ ಗಣನೆ. ದೊರೆ ಓಸ್ವಿಯು ಅದನ್ನೇ ಅನುಸರಿಸುತ್ತಿದ್ದನು. ಕೆಂಟ್ ಸೀಮೆಯಲ್ಲಿ ಬೆಳೆದ ರಾಣಿಯದು ರೋಮಿನ ಗಣನೆ. ದೊರೆ ಉಪವಾಸ ಮುಗಿಸಿ ಹಬ್ಬದೂಟಕ್ಕೆ ಕುಳಿತಾಗ ರಾಣಿ ಇನ್ನೂ ವ್ರತದಲ್ಲಿರುತ್ತಿದ್ದಳೆಂದು ಬೀಡ್ ಎಂಬ ಸನ್ಯಾಸಿ ಬರೆದಿಟ್ಟಿದ್ದಾನೆ. ಏಕಾದಶಿ ಇಂದೋ ನಾಳೆಯೋ ಎಂಬ ಚರ್ಚೆ ನಡೆಯುವ ಮನೆಗಳಲ್ಲಿ ಬೆಳೆದವರಿಗೆ ಆ ಅರಮನೆಯ ಅಡಿಗೆಯವನ ಪಾಡು ಅರ್ಥವಾದೀತು. 664ರಲ್ಲಿ ವಿಟ್‌ಬಿಯಲ್ಲಿ ಸಭೆ ಸೇರಿತು. ದೊರೆ ರೋಮಿನ ಗಣನೆಯನ್ನು ಒಪ್ಪಿದನು. ಬಿಷಪ್ ಕೋಲ್ಮನ್ ತನ್ನವರೊಡನೆ ಲಿಂಡಿಸ್‌ಫಾರ್ನ್ ಬಿಟ್ಟು ಹೊರಟುಹೋದನು. ಚಂದ್ರನಿಗೂ ಉಬ್ಬರಕ್ಕೂ ಇರುವ ಸಂಬಂಧವನ್ನು ಕುರಿತು ಅದೇ ಬೀಡನು 725ರಲ್ಲಿ ಗ್ರಂಥವೊಂದರಲ್ಲಿ ವಿವರಿಸಿದನು.

ಹುಣ್ಣಿಮೆಗೆ ತೀರ ಹತ್ತಿರದ ದಿನಗಳಲ್ಲಿ ಇಲ್ಲಿ ನೀರು ತುಂಬುವುದು ನಡುಹಗಲು ತಿರುಗಿದ ಮೇಲೆ. ಆದಕಾರಣ ಮಧ್ಯಾಹ್ನಕ್ಕೆ ಮೊದಲೇ ಸಂಸಾರವು ನಿರ್ಧರಿಸಬೇಕು: ಈಗಲೇ ಹಿಂದಿರುಗುವುದೋ, ಸಂಜೆಯವರೆಗೆ ದ್ವೀಪದಲ್ಲೇ ಉಳಿಯುವುದೋ? ಮಕ್ಕಳು ಕೋಟೆಯನ್ನು ಇನ್ನೂ ನೋಡಿಲ್ಲ. ‘ಇನ್ನೊಂದರ್ಧ ಗಂಟೆ’ ಎನ್ನುವ ಆಸೆ ತಂದೆಗೂ ಇದೆ. ಅಪಾಯವಿರುವುದು ಆ ಅರ್ಧ ಗಂಟೆಯಲ್ಲಿಯೇ. ಬಿಸಿಲು ಚೆನ್ನಾಗಿದೆ, ದ್ವೀಪದ ಕಡೆ ರಸ್ತೆ ಒಣಗಿ ಬೆಳ್ಳಗಿದೆ. ಆದರೆ ನೀರು ಮೊದಲು ತುಂಬುವುದು ಆಚೆಯ ದಡದ ಬಳಿ, ಸೇತುವೆಯಿರುವ ತಗ್ಗಿನಲ್ಲಿ. ಒಣ ರಸ್ತೆಯನ್ನು ನಂಬಿ ಹೊರಟವನಿಗೆ ನೀರು ಎದುರಾಗುವುದು ಪ್ರಯಾಣದ ಕೊನೆಗೆ. ಆ ಜಾಗದಲ್ಲಿಯೇ ಎತ್ತರದ ಕಂಬಗಳ ಮೇಲೆ ಬಿಳಿಯ ಗೂಡೊಂದಿದೆ. ಸಿಕ್ಕಿಬಿದ್ದವರು ಏಣಿ ಹತ್ತಿ ಅದರೊಳಗೆ ಕುಳಿತು, ತಮ್ಮ ವಾಹನ ಮುಳುಗುವುದನ್ನು ನೋಡುತ್ತ, ಸೀಹೌಸಸ್ ಊರಿನ ರಕ್ಷಣಾ ದೋಣಿಗಾಗಿ ಕಾಯುತ್ತಾರೆ. ಎರಡು ತುದಿಗಳಲ್ಲಿಯೂ ಎಚ್ಚರಿಕೆಯ ಫಲಕಗಳಿದ್ದರೂ ಇಂಥ ಪ್ರಸಂಗ ವರ್ಷ ವರ್ಷವೂ ನಡೆಯುತ್ತದೆ.

ಅಜ್ಜಿ ಕಾಗದವನ್ನು ಇನ್ನೊಮ್ಮೆ ಓದಿಸಿ ಕೇಳುತ್ತಾಳೆ. ಉಳಿಯುವುದೆಂದೇ ತೀರ್ಮಾನವಾಗುತ್ತದೆ.

ಹೊರಗಿನ ಮೋಟಾರುಗಳು ಹೊರಟುಹೋದ ಮೇಲೆ ಊರು ಬೇರೆಯೇ ಆಗುತ್ತದೆ. ಇಲ್ಲಿನ ನಿವಾಸಿಗಳು ಸುಮಾರು 150 ಮಂದಿ. ಬೀದಿ ನಿಶ್ಶಬ್ದ. ಮಕ್ಕಳು ಕೋಟೆಯ ಬಂಡೆ ಹತ್ತಿ ಇಳಿಯುತ್ತಾರೆ. ಬುಡಮೇಲಾಗಿ ಕವುಚಿದ ಹಳೆಯ ಮೀನುದೋಣಿಗಳು ಅಲ್ಲಿ ಸಾಮಾನಿನ ಕೊಠಡಿಗಳಾಗಿವೆ. ಅವುಗಳ ಬಾಗಿಲುಗಳನ್ನು ಕಂಡು ಚಿಕ್ಕವನಿಗೆ ನಗು. ಪಾಳುಬಿದ್ದ ಮಠದ ಒಂಟಿ ಕಮಾನಿನ ಕೆಳಗೆ ಚಹ ಕುಡಿಯುವಾಗ ದೂರದ ಮರಳದಿಣ್ಣೆಯಿಂದ ಊಳಿಟ್ಟಂಥ ದನಿ ಕೇಳುತ್ತದೆ. ಬೂದುಬಣ್ಣದ ಸೀಲುಗಳು! ಉತ್ತರದ ಗಾಳಿ ಕೊರೆಯುತ್ತಿದ್ದರೂ ಯಾರಿಗೂ ಏಳಲು ಮನಸ್ಸಿಲ್ಲ.

ಸಂಜೆ ಮೊದಲು ಕಂಬಗಳ ಬುಡ ಕಾಣುತ್ತದೆ, ಆಮೇಲೆ ರಸ್ತೆಯ ಅಂಚು. ಕಾಗದದಲ್ಲಿ ಹೇಳಿದ ಹೊತ್ತು ಬಂದಾಗಲೂ ತಂದೆ ಇನ್ನೂ ಹತ್ತು ನಿಮಿಷ ಕಾಯುತ್ತಾನೆ. ಬಳಿಕ ಮೋಟಾರು ಒದ್ದೆ ಟಾರಿನ ಮೇಲೆ, ಕಡಲಕಳೆಯನ್ನು ತುಳಿಯುತ್ತ ಮೆಲ್ಲನೆ ಸಾಗುತ್ತದೆ. ಬಿಳಿಯ ಗೂಡು ಹಾದುಹೋಗುವಾಗ ಮಕ್ಕಳು ಕಿಟಕಿಗೆ ಮುಖವೊತ್ತಿ ನೋಡುತ್ತಾರೆ. ಅದರಲ್ಲಿ ಯಾರೂ ಇಲ್ಲ.