ಬೆಂಕಿಯೊಳಗೆ ಹೋದವರು

ಏಪ್ರಿಲ್ 14 ಯಾವ ದಿನ? ಅಂಬೇಡ್ಕರ್ ಜಯಂತಿ ಅಂತ ನಿಮಗೆಲ್ಲ ಗೊತ್ತು. ಅದೇ ದಿನ ನಮ್ಮ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಇನ್ನೊಂದು ನೆನಪು ಇದೆ. ಸಿಬ್ಬಂದಿ ಸಾಲಾಗಿ ನಿಲ್ಲುತ್ತಾರೆ. ತಲೆ ಬಾಗಿಸಿ ಸುಮ್ಮನಾಗುತ್ತಾರೆ. ಬೆಂಕಿ ಆರಿಸಲು ಹೋಗಿ ಸತ್ತ ತಮ್ಮವರನ್ನು ನೆನೆಯುತ್ತಾರೆ. ಅಲ್ಲಿಂದ 20ನೇ ತಾರೀಕಿನವರೆಗೆ ಅಗ್ನಿಶಾಮಕ ಸಪ್ತಾಹ.

ಏಪ್ರಿಲ್ 14ನೇ ತಾರೀಕೇ ಯಾಕೆ? ಅದು ಮುಂಬಯಿಯಲ್ಲಿ ನಡೆದದ್ದು.

1944ನೇ ಇಸವಿ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ನಮ್ಮ ದೇಶವನ್ನು ಬ್ರಿಟಿಷರು ಆಳುತ್ತಿದ್ದರು. ಮುಂಬಯಿ ಬಂದರಿಗೆ ಒಂದು ಹಡಗು ಬಂತು. ಅದರ ಹೆಸರು ಫೋರ್ಟ್ ಸ್ಟಿಕಿನ್. ಅದರಲ್ಲಿ ಸುಮಾರು 1,400 ಟನ್ ಸಿಡಿಮದ್ದು, ಮದ್ದುಗುಂಡು ಇತ್ತು. ಅದರ ಜೊತೆಗೇ ಸಾವಿರಾರು ಹತ್ತಿ ಮೂಟೆ! ಹತ್ತಿಯ ಪಕ್ಕ ಸಿಡಿಮದ್ದು ಇಡಬಾರದು ಅಂತ ಒಲೆ ಹಚ್ಚುವ ಯಾವ ಹೆಂಗಸಾದರೂ ಹೇಳಿಯಾಳು.

ಸಿಡಿಮದ್ದು ಇರುವ ಹಡಗಿಗೆ ಕೆಂಪು ಬಾವುಟ ಕಟ್ಟಬೇಕು. ಅದು ನಿಯಮ. ಕೆಂಪು ಬಾವುಟ ಕಂಡರೆ ಎಲ್ಲರೂ ಎಚ್ಚರವಾಗುತ್ತಾರೆ. ಆ ಹಡಗಿಗೆ ಬಾವುಟ ಕಟ್ಟಿರಲಿಲ್ಲ.

14ನೇ ತಾರೀಕು ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ಹತ್ತಿಯ ಬೆಂಕಿ ಹೇಗೆ ಅಂತ ನೀವು ಬಲ್ಲಿರಿ. ಹಾಸಿಗೆಗೆ ಕಿಡಿ ಬಿದ್ದರೆ ಉರಿ ಏಳುವುದಿಲ್ಲ. ಒಳಗೊಳಗೇ ಸುಡುತ್ತಾ ಹೋಗುತ್ತದೆ, ಬೂದಿ ಮುಚ್ಚಿದ ಕೆಂಡದ ಹಾಗೆ. ಮೊದಲು ಎರಡೇ ಫೈರ್ ಇಂಜಿನ್ ಬಂದವು. ಒಳಗೆ ಸಿಡಿಮದ್ದು ಇದೆ ಅಂತ ಗೊತ್ತಾದ ಮೇಲೆ ಇನ್ನಷ್ಟು ಬಂದವು. ನೂರಾರು ಟನ್ ನೀರು ಸುರಿದರು. ಬೆಂಕಿ ಎಲ್ಲಿದೆ ಅಂತಲೇ ಸಿಗಲಿಲ್ಲ. ಒಳಗೇನಿದೆ ಅಂತ ಗೊತ್ತಾದ ಮೇಲೂ ಅವರು ಓಡಿಹೋಗಲಿಲ್ಲ. ಪೈಪು ಹಿಡಿದು ನಿಂತೇ ಇದ್ದರು.

ನಾಲ್ಕು ಗಂಟೆ ದಾಟಿತ್ತು. ಹಡಗು ಸಿಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಸಿಡಿಯಿತು. ಬಂದರು, ಗೋದಾಮು, ಸುತ್ತಲಿನ ಮನೆ ಎಲ್ಲ ಹಾಳಾದವು. ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಬಂದವರು. ಏಪ್ರಿಲ್ 14ರಂದು ನೆನೆಯುವುದು ಇವರನ್ನೇ.

ಇದು ಹಳೇ ಕಾಲದ್ದು, ದೂರದ ಊರಿನದ್ದು ಅನ್ನಬೇಡಿ. 2017ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರದ ಕಾಡಿಗೆ ಬೆಂಕಿ ಬಿತ್ತು. ಮುರಿಗೆಪ್ಪ ಎಂಬ ಅರಣ್ಯ ರಕ್ಷಕರು ಅದನ್ನು ಆರಿಸಲು ಹೋಗಿದ್ದರು. ಉರಿಯ ನಡುವೆ ಸಿಕ್ಕಿ ತೀರಿಕೊಂಡರು. ಇನ್ನೂ ಚಿಕ್ಕ ವಯಸ್ಸು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಅರಣ್ಯ ಇಲಾಖೆಯ ಸುಂದರೇಶ್ ಅವರೂ ಹೀಗೆಯೇ ಸುಟ್ಟ ಗಾಯದಿಂದ ತೀರಿಕೊಂಡರು. ಕಾಡಿನಲ್ಲಿ ಫೈರ್ ಇಂಜಿನ್ ಹೋಗಲು ಎಲ್ಲ ಕಡೆ ದಾರಿ ಇರುವುದಿಲ್ಲ. ಹಸಿ ಸೊಪ್ಪಿನ ಕೊಂಬೆ ಮುರಿದು, ಅದರಿಂದಲೇ ಉರಿಯನ್ನು ಬಡಿಯುತ್ತಾರೆ. ಗಾಳಿ ತಿರುಗಿತೋ, ಉರಿ ಮೈಮೇಲೇ ಬರುತ್ತದೆ. ಕಾಡಿನ ಬೆಂಕಿ ಬಹುಪಾಲು ಹತ್ತುವುದು ಮನುಷ್ಯರ ಕೈಯಿಂದಲೇ. ಹಚ್ಚುವವರು ಯಾರೋ, ಸಾಯುವವರು ಯಾರೋ.

ಇನ್ನು ನಮ್ಮ ಮೈಸೂರು ರಸ್ತೆಗೆ ಬನ್ನಿ. ನಾಯಂಡಹಳ್ಳಿಯಲ್ಲಿ ಹಳೇ ಪ್ಲಾಸ್ಟಿಕ್ ಗೋದಾಮುಗಳು ಇವೆ. ಅಲ್ಲಿ ಕೂತು ಪ್ಲಾಸ್ಟಿಕ್ ವಿಂಗಡಿಸುವ ಹೆಂಗಸರು ಎಷ್ಟೋ ಮಂದಿ. ಅಲ್ಲಿಂದ ಸ್ವಲ್ಪ ದೂರ ಹೊಸಗುಡ್ಡದಹಳ್ಳಿ. 2020ರ ನವೆಂಬರ್ 10ರಂದು ಅಲ್ಲಿ ಒಂದು ರಾಸಾಯನಿಕದ ಗೋದಾಮಿಗೆ ಬೆಂಕಿ ಬಿತ್ತು. ಪೀಪಾಯಿಗಳು ಢಂ ಢಂ ಅಂತ ಸಿಡಿದವು. ಗೋಡೆ ಪಕ್ಕದಲ್ಲೇ ಮನೆಗಳು. ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ಅಗ್ನಿಶಾಮಕದವರು ಮಾತ್ರ ಅದೇ ಕಡೆಗೆ ಹೋದರು. ಗಂಟೆಗಟ್ಟಲೆ ಹೋರಾಡಿದರು.

ಅವರು ಒಳಗೆ ಹೋಗುವುದು ಹೇಗೆ? ಮೂಗು ಬಾಯಿಗೆ ಮುಖವಾಡ ಹಾಕುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟುತ್ತಾರೆ. ಪ್ಲಾಸ್ಟಿಕ್ ಹೊಗೆ ವಿಷ. ಎರಡು ಸಲ ಉಸಿರೆಳೆದರೆ ತಲೆ ತಿರುಗಿ ಬೀಳಬಹುದು. ಆ ಸಿಲಿಂಡರಿನ ಗಾಳಿ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ ಬರುತ್ತದೆ. ಅಷ್ಟರಲ್ಲಿ ಹೋಗಿ, ಹುಡುಕಿ, ವಾಪಸ್ ಬರಬೇಕು. ಹೊಗೆಯಲ್ಲಿ ತಮ್ಮ ಕೈ ತಮಗೇ ಕಾಣುವುದಿಲ್ಲ. ಗೋಡೆ ಸವರಿಕೊಂಡು ಹೋಗುತ್ತಾರೆ. ಮುಂದೆ ಗ್ಯಾಸ್ ಸಿಲಿಂಡರ್ ಇದೆಯೋ, ಪೀಪಾಯಿ ಇದೆಯೋ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ನಿಮಗೆ.

ಎಲ್ಲ ಬೆಂಕಿಗೂ ನೀರು ಆಗುವುದಿಲ್ಲ. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಅಂತ ಬಾಣಲೆ ಮುಂದೆ ನಿಂತವರಿಗೆ ಹೇಳಬೇಕಾಗಿಲ್ಲ. ಥಿನ್ನರ್, ಪೆಟ್ರೋಲು ಹತ್ತಿಕೊಂಡರೆ ನೊರೆ ಸುರಿಯುತ್ತಾರೆ. ಕರೆಂಟು ಇರುವ ಕಡೆ ನೀರು ಹೊಡೆದರೆ ಹೊಡೆದವರಿಗೇ ಷಾಕ್. ಆದ್ದರಿಂದ ಒಳಗೇನಿದೆ ಅಂತ ಮೊದಲೇ ತಿಳಿದರೆ ಅವರ ಜೀವ ಉಳಿಯುತ್ತದೆ, ನಿಮ್ಮ ಬೀದಿಯೂ ಉಳಿಯುತ್ತದೆ.

ಕೆಲವು ಮಾಲೀಕರು ಹೇಳುವುದಿಲ್ಲ. ಕೇಸು ಆದೀತು ಅಂತ ಭಯ. 'ಬರೀ ರದ್ದಿ ಸಾಮಾನು ಸಾರ್' ಅನ್ನುತ್ತಾರೆ. ಕೆಂಪು ಬಾವುಟ ಕಟ್ಟದ ಹಡಗಿನ ಹಾಗೇ ಇದು. ಅಲ್ಲಿ ಕೆಲಸ ಮಾಡುವ ನೀವು ಹೇಳಬಹುದು. ಈಗ ನಿಮಗೆ ಓದಲು ಬರುತ್ತದೆ. ಪೀಪಾಯಿಯ ಮೇಲೆ ಏನು ಬರೆದಿದೆ ನೋಡಿ. ಇಂಗ್ಲಿಷಿನಲ್ಲಿದ್ದರೂ ಪರವಾಗಿಲ್ಲ, ಚಿತ್ರ ಇರುತ್ತದೆ. ಮೂಲೆ ಮೇಲೆ ನಿಂತ ಕೆಂಪು ಚೌಕ, ಅದರೊಳಗೆ ಬೆಂಕಿಯ ಗುರುತು. ಅಂದರೆ ಅದು ಥಟ್ಟಂತ ಹತ್ತಿಕೊಳ್ಳುವ ಪದಾರ್ಥ. ಅಂಥ ಪೀಪಾಯಿ ಎಷ್ಟಿವೆ, ಯಾವ ಮೂಲೆಯಲ್ಲಿವೆ, ನೆನಪಿಡಿ.

ಬೆಂಕಿ ಬಿದ್ದರೆ 101ಕ್ಕೆ ಫೋನ್ ಮಾಡಿ. 112ಕ್ಕೂ ಮಾಡಬಹುದು. ದುಡ್ಡು ಬೀಳುವುದಿಲ್ಲ. ಗಾಬರಿಯಲ್ಲಿ 'ಬೇಗ ಬನ್ನಿ' ಅಂತ ಹೇಳಿ ಇಟ್ಟುಬಿಡಬೇಡಿ. ಯಾವ ಬೀದಿ, ಹತ್ತಿರ ಏನಿದೆ ಹೇಳಿ. ಮೆಟ್ರೋ ಸ್ಟೇಷನ್ನೋ, ದೇವಸ್ಥಾನವೋ, ಶಾಲೆಯೋ. ಏನು ಸುಡುತ್ತಿದೆ ಹೇಳಿ. ಗ್ಯಾಸ್ ಸಿಲಿಂಡರ್ ಇದ್ದರೆ ಹೇಳಿ. ಆ ಕಡೆಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಅವರು ಇಟ್ಟ ಮೇಲೆ ನೀವು ಇಡಿ.

ಆಮೇಲೆ ಒಬ್ಬರು ಬೀದಿ ತುದಿಗೆ ಹೋಗಿ ನಿಲ್ಲಿ. ನಮ್ಮ ಗಲ್ಲಿಗಳಲ್ಲಿ ಫೈರ್ ಇಂಜಿನ್ ನುಗ್ಗುವುದೇ ಕಷ್ಟ. ಅಡ್ಡ ನಿಂತ ಸ್ಕೂಟರು, ತಳ್ಳುಗಾಡಿ ತೆಗೆಸಿ.

ಇನ್ನೊಂದು ಮಾತನ್ನು ಬಹಳ ಜನ ಮರೆಯುತ್ತಾರೆ. ಬೀದಿಗೆ ಬಂದ ಕೂಡಲೇ ಮನೆಯವರನ್ನು, ಜೊತೆ ಕೆಲಸದವರನ್ನು ಎಣಿಸಿ. ಒಬ್ಬರು ಕಡಿಮೆಯಾದರೆ ಹೆಸರು ಹೇಳಿ, ಯಾವ ಕೋಣೆ ಹೇಳಿ. ನೀವು ಮಾತ್ರ ಮತ್ತೆ ಒಳಗೆ ನುಗ್ಗಬೇಡಿ. ಎಲ್ಲರೂ ಬಂದಿದ್ದರೆ ಅದನ್ನೂ ಹೇಳಬೇಕು. ಯಾರೂ ಹೇಳದಿದ್ದರೆ ಅಗ್ನಿಶಾಮಕದವರು ಒಳಗೆ ಜನ ಇರಬಹುದು ಅಂತಲೇ ಹೋಗುತ್ತಾರೆ. ಖಾಲಿ ಮನೆಯಲ್ಲಿ, ಇಲ್ಲದ ಮಗುವನ್ನು ಹುಡುಕುತ್ತಿರುವಾಗ ಮೇಲಿನ ಸೂರು ಕುಸಿಯಬಹುದು. ಇಂಜಿನ್ನಿನಿಂದ ಇಳಿದವರ ಹತ್ತಿರ ಹೋಗಿ ಗಟ್ಟಿಯಾಗಿ ಹೇಳಿ: 'ಅಣ್ಣಾ, ನಾವೆಲ್ಲ ಹೊರಗೆ ಬಂದಿದ್ದೀವಿ. ಒಳಗೆ ಯಾರೂ ಇಲ್ಲ.'