ವಟ್ಟಕಾನಲ್ ಶೋಲೆ ಕಾಡಿಗೆ ಪರದೇಶದ ಜೋಡಿ ಆಸರೆ

ಚಿನ್ನಾಳಪಟ್ಟಿ (ದಿಂಡಿಗಲ್ ಜಿಲ್ಲೆ): ದುಡಿಯೋಕೆ ಪರದೇಶಕ್ಕೆ ಹೋದವರು ಪ್ರತಿ ಊರಲ್ಲೂ ಸಿಗ್ತಾರೆ. ಓದೋಕೆ ಹೋದವರಿಗೂ ಕೊರತೆ ಇಲ್ಲ. ಆದರೆ ಕಂಡರಿಯದ ದೇಶಕ್ಕೆ ಬಂದು, ಅಲ್ಲಿನ ಕಾಡು ಉಳಿಸೋ ಕೆಲಸಕ್ಕೆ ದಶಕಗಟ್ಟಲೆ ನಿಂತವರು ಅಪರೂಪ. ಇದೇ ಜಿಲ್ಲೆಯ ಕೊಡೈಕೆನಾಲ್ ಪಕ್ಕದ ವಟ್ಟಕಾನಲ್‌ನಲ್ಲಿ ಬ್ರಿಟನ್ನಿನ ಬಾಬ್ ಸ್ಟೀವರ್ಟ್ ಮತ್ತು ತಾನ್ಯಾ ಬಾಲ್ಕರ್ ಮಾಡಿದ್ದು ಇಂಥದೇ ಕೆಲಸ.

ಚಿನ್ನಾಳಪಟ್ಟಿ ಇರೋದು ದಿಂಡಿಗಲ್‌ನಿಂದ ಮಧುರೆಗೆ ಹೋಗುವ ದಾರಿಯಲ್ಲಿ. ಇಲ್ಲಿನ ದೇವಾಂಗ ಮನೆಗಳಲ್ಲಿ ಕನ್ನಡವೇ ಮನೆಮಾತು. ಹೊಸ್ತಿಲು ದಾಟಿದರೆ ತಮಿಳು. ಸೊಲ್ಲಾಪುರ, ಇಚಲಕರಂಜಿ, ಬನಹಟ್ಟಿ ಕಡೆಯ ಓದುಗರಿಗೆ ಮಗ್ಗದ ಊರು ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಸುಂಗುಡಿ ಸೀರೆ ಮತ್ತು ಆರ್ಟ್ ಸಿಲ್ಕ್ ಸೀರೆಯಿಂದ ಈ ಊರಿಗೆ ಹೆಸರು. ಆರ್ಟ್ ಸಿಲ್ಕ್ ಅಂದ್ರೆ ರೇಯಾನ್. ಅದು ಹುಳುವಿನ ನೂಲಲ್ಲ, ಮರದ ತಿರುಳಿನಿಂದ ತೆಗೆದ ನೂಲು. ಬೆಟ್ಟದ ಕಾಡಿನ ಕಥೆಯೂ ಈ ಮರದ ತಿರುಳಿನಿಂದಲೇ ಶುರುವಾಗುತ್ತೆ.

ಹುಲ್ಲು ಹೋಯ್ತು, ವಾಟಲ್ ಬಂತು

ಪಳನಿ ಬೆಟ್ಟದ ನೆತ್ತಿಯ ಮೇಲೆ ಮೊದಲು ಇದ್ದದ್ದು ಎರಡೇ. ಬಯಲಿಗೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಶೋಲೆ ಕಾಡು. ಶೋಲೆ ಅಂದ್ರೆ ಕುಳ್ಳ ಮರಗಳ, ಸದಾ ಹಸಿರಾದ ಎತ್ತರದ ಮಳೆಕಾಡು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಯಲ್ಲೂ ಇದೇ ಜಾತಿಯ ಕಾಡಿದೆ. ಬಿದ್ದ ಮಳೆ, ಇಳಿದ ಮಂಜು ಎರಡನ್ನೂ ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಬಿಡೋದು ಇದರ ಗುಣ.

1960-70ರ ದಶಕಗಳಲ್ಲಿ ಹುಲ್ಲುಗಾವಲು 'ಖಾಲಿ ಜಾಗ' ಅನ್ನಿಸಿತು. ಆಸ್ಟ್ರೇಲಿಯಾದ ವಾಟಲ್, ನೀಲಗಿರಿ ಮರ, ಪೈನ್ ಸಾಲುಸಾಲಾಗಿ ನೆಟ್ಟರು. ವಾಟಲ್ ತೊಗಟೆ ಚರ್ಮ ಹದ ಮಾಡೋಕೆ, ಮರ ಕಾಗದ ಮತ್ತು ರೇಯಾನ್ ತಿರುಳಿಗೆ. ಬೆಟ್ಟದ ಬುಡದ ದಿಂಡಿಗಲ್ ಚರ್ಮದ ಊರು, ಚಿನ್ನಾಳಪಟ್ಟಿ ನೂಲಿನ ಊರು. ಕೆಳಗಿನ ಇಂಥ ಊರುಗಳ ಬೇಡಿಕೆ ಮೇಲಿನ ಬೆಟ್ಟದ ರೂಪವನ್ನೇ ಬದಲಿಸಿತು.

ಎಷ್ಟು ಬದಲಾಯ್ತು ಅನ್ನೋದಕ್ಕೆ ಲೆಕ್ಕವಿದೆ. 2018ರಲ್ಲಿ ಪ್ರಕಟವಾದ ಉಪಗ್ರಹ ಚಿತ್ರಗಳ ಅಧ್ಯಯನದ ಪ್ರಕಾರ, ನಾಲ್ಕು ದಶಕಗಳಲ್ಲಿ ಪಳನಿ ಬೆಟ್ಟದ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಮಾಯವಾಗಿದೆ. ಈ ಅಧ್ಯಯನದ ಲೇಖಕರಲ್ಲಿ ಬಾಬ್ ಸ್ಟೀವರ್ಟ್ ಕೂಡ ಒಬ್ಬರು.

ಒಂದೇ ಮರದ ಬೀಜ

ಬಾಬ್ ಮತ್ತು ತಾನ್ಯಾ 1980ರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದರು. 1985ರಲ್ಲಿ ಹುಟ್ಟಿದ ಪಳನಿ ಹಿಲ್ಸ್ ಕನ್ಸರ್ವೇಶನ್ ಕೌನ್ಸಿಲ್ ಆಗ ಕಾಡಿನ ಪರ ದನಿ ಎತ್ತಿತ್ತು. ಪಳನಿ ಬೆಟ್ಟದ ಸಸ್ಯಗಳನ್ನೆಲ್ಲ ದಾಖಲಿಸಿ 1999ರಲ್ಲಿ ಗ್ರಂಥ ತಂದ ಜೆಸ್ವಿಟ್ ಪಾದ್ರಿ ಕೆ.ಎಂ. ಮ್ಯಾಥ್ಯೂ ಅವರ ಸಸ್ಯಶಾಸ್ತ್ರದ ಕೆಲಸವೂ ಇದೇ ಬೆಟ್ಟದಲ್ಲಿ ನಡೆದಿತ್ತು. ಜೋಡಿ 2001ರಲ್ಲಿ ವಟ್ಟಕಾನಲ್ ಕನ್ಸರ್ವೇಶನ್ ಟ್ರಸ್ಟ್ ಕಟ್ಟಿತು.

ಶೋಲೆ ಮರದ ಸಸಿ ಪೇಟೆಯಲ್ಲಿ ಸಿಗೋದಲ್ಲ. ಯಾವ ಮರ ಯಾವಾಗ ಹಣ್ಣು ಬಿಡುತ್ತೆ ನೋಡಬೇಕು, ಬೀಜ ಆರಿಸಬೇಕು, ಮೊಳೆಯೋ ತನಕ ಕಾಯಬೇಕು. ರುದ್ರಾಕ್ಷಿ ಬಳಗದ 'ಎಲಿಯೋಕಾರ್ಪಸ್ ಬ್ಲಾಸ್ಕೋಯ್' ಅನ್ನೋ ಮರ ಒಂದು ಕಾಲಕ್ಕೆ ಜಗತ್ತಿನಲ್ಲಿ ಒಂದೇ ಒಂದು ಗೊತ್ತಿತ್ತು. ಅದರ ಸಸಿಗಳೂ ಟ್ರಸ್ಟ್‌ನ ನರ್ಸರಿಯಲ್ಲಿ ಬೆಳೆದವು.

ಕಡಿಯೋ ಮುಂಚೆ ನೋಡಿ

ಕಾಡು ಉಳಿಸೋರು ಅಂದ್ರೆ ಪರದೇಶಿ ಮರವನ್ನೆಲ್ಲ ಕಡೀರಿ ಅಂತ ಹೇಳ್ತಾರೆ ಅನ್ನೋ ಮಾತಿದೆ. ಈ ಜೋಡಿ ಹಾಗೆ ಹೇಳಲಿಲ್ಲ. ಹಳೇ ತೋಪುಗಳ ನೆರಳಲ್ಲಿ ಶೋಲೆ ಸಸಿಗಳು ತಾವಾಗಿಯೇ ಏಳೋದನ್ನ ಅವರು ಕಂಡಿದ್ದರು. ವಾಟಲ್ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂತಿರುತ್ತೆ; ಒಮ್ಮೆಗೇ ಕಡಿದು ಬಿಸಿಲು ಬಿಟ್ಟರೆ ಮತ್ತೆ ಅದೇ ಹಬ್ಬುತ್ತೆ. ಹಾಗಾಗಿ ಉಳಿದ ಹುಲ್ಲನ್ನ ಮೊದಲು ಕಾಯಿರಿ, ಶೋಲೆ ಬರ್ತಿರೋ ಕಡೆ ಕೊಡಲಿ ಹಾಕಬೇಡಿ ಅನ್ನೋದು ಅವರ ನಿಲುವು. ಎರಡು ದಿನ ಇದ್ದು ಹೋಗೋರ ಕಣ್ಣಿಗೆ ಇದು ಬೀಳೋದಿಲ್ಲ.

ಈಗ ಕೋಸ್ಟರಿಕಾ, ಬೋರ್ನಿಯೋ ಮಳೆಕಾಡಿಗೆ ಶುಲ್ಕ ಕಟ್ಟಿ, ಎರಡು ವಾರ ಸೇವೆ ಮಾಡಿ ಬರೋ ಯುವಕರು ಸಾಕಷ್ಟಿದ್ದಾರೆ. ಅದು ತಪ್ಪೇನಲ್ಲ. ಆದರೆ ಎರಡು ವಾರದಲ್ಲಿ ಗಿಡ ನೆಡಬಹುದು, ಕಾಡು ಏನು ಕೇಳ್ತಿದೆ ಅಂತ ತಿಳಿಯೋದು ಕಷ್ಟ. ನಮ್ಮ ಮಕ್ಕಳಿಗೆ ಅಷ್ಟು ದೂರವೂ ಬೇಕಿಲ್ಲ. ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರಕ್ಕೆ ಪರದೇಶದವರೇ ಸ್ವಯಂಸೇವಕರಾಗಿ ಬಂದಿದ್ದಾರೆ.

ಚಿನ್ನಾಳಪಟ್ಟಿಗೆ ಇದು ಬರೀ ಬೆಟ್ಟದ ಸುದ್ದಿಯಲ್ಲ. ದಿಂಡಿಗಲ್‌ಗೂ ಈ ಊರಿಗೂ ಕುಡಿಯೋ ನೀರು ಕೊಡೋ ಆತ್ತೂರಿನ ಕಾಮರಾಜರ್ ಅಣೆಕಟ್ಟು ತುಂಬೋದು ಪಳನಿ ಬೆಟ್ಟದ ಹಳ್ಳಗಳಿಂದ. ವಟ್ಟಕಾನಲ್ ಕಡೆಯ ಪಾಂಬಾರ್ ನೀರು ತೇನಿ ಜಿಲ್ಲೆಯ ಪೆರಿಯಕುಳಂ ಹತ್ತಿರ ಕುಂಬಕ್ಕರೈ ಜಲಪಾತವಾಗಿ ಇಳಿಯುತ್ತೆ. ಕಣಕುಂಬಿ ಕಾಡು ಹೋದರೆ ಮಲಪ್ರಭೆ ಏನಾಗುತ್ತೆ ಅಂತ ಬೆಳಗಾವಿ ಮಂದಿಗೆ ಗೊತ್ತು. ಇಲ್ಲಿನ ಕನ್ನಡದ ಮನೆಗಳ ಬಿಂದಿಗೆ ನೀರಿಗೂ ಅದೇ ಲೆಕ್ಕ.