ತಳ ಕಾಣುವ ಕಂಪ್ಯೂಟರ್

ಸ್ವಿಚ್ ಒತ್ತಿದರೆ ಬೀಪ್ ಎಂಬ ಸದ್ದು. ಅದು ಮುಗಿಯುವಷ್ಟರಲ್ಲಿ ಟೀವಿ ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು, ಕೆಳಗೆ ‘ಬೇಸಿಕ್’, ಅದರಡಿ ಅಪ್ಪಣೆಗೆ ಕಾದು ನಿಂತ ಪುಟ್ಟ ಬಾಣದ ಗುರುತು. 1981ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಬಿಬಿಸಿ ಮೈಕ್ರೊ ಎಂಬ ಹೋಮ್ ಕಂಪ್ಯೂಟರ್ ಕೆಲಸಕ್ಕೆ ಅಣಿಯಾಗುತ್ತಿದ್ದ ರೀತಿ ಇದು. ತಯಾರಿಕೆ ನಿಂತು ಮೂರು ದಶಕ ಮೀರಿದರೂ ಇದನ್ನೂ ಇದರ ಓರಗೆಯ ಸಿಂಕ್ಲೇರ್ ಸ್ಪೆಕ್ಟ್ರಮ್, ಕಮೊಡೋರ್ 64 ಯಂತ್ರಗಳನ್ನೂ ದುರಸ್ತಿ ಮಾಡಿ, ಹೊಸ ಪ್ರೋಗ್ರಾಂ ಬರೆದು ನಡೆಸುವವರು ಜಗತ್ತಿನ ಹಲವೆಡೆ ಇದ್ದಾರೆ. ಇದನ್ನು ಬಾಲ್ಯದ ಹಂಬಲವೆಂದು ಬದಿಗೆ ಸರಿಸುವುದು ವಾಡಿಕೆ. ನನಗೆ ಆ ವಿವರಣೆ ಸಾಲದು. ಸಾಮಾನ್ಯರ ಮನೆ ಹೊಕ್ಕ ಕಂಪ್ಯೂಟರುಗಳಲ್ಲಿ, ಒಬ್ಬರೇ ಕುಳಿತು ಪೂರ್ತಿಯಾಗಿ ಅರಿಯಬಹುದಾಗಿದ್ದ ಪೀಳಿಗೆ ಇದು. ತಿಳಿನೀರ ಬಾವಿಯಂತೆ ಇವುಗಳ ತಳ ಕಾಣುತ್ತದೆ. ಸೆಳೆತ ಇರುವುದು ಅಲ್ಲಿ.

ಬಿಬಿಸಿ ಮೈಕ್ರೊ ಹುಟ್ಟಿದ್ದೇ ಕಲಿಸುವುದಕ್ಕಾಗಿ. ಮೈಕ್ರೊಪ್ರೊಸೆಸರ್ ಬಂದು ದುಡಿಮೆಯ ಸ್ವರೂಪವೇ ಬದಲಾಗಲಿದೆ ಎಂಬ ಚರ್ಚೆ 1970ರ ದಶಕದ ಕೊನೆಗೆ ಬ್ರಿಟನ್ನಿನಲ್ಲಿ ಕಾವೇರಿತ್ತು. ಬಿಬಿಸಿ ಕಂಪ್ಯೂಟರ್ ಸಾಕ್ಷರತಾ ಯೋಜನೆಯೊಂದನ್ನು ಹಮ್ಮಿಕೊಂಡು, ಟೀವಿ ಸರಣಿಯನ್ನು ನೋಡುವವರಿಗೆ ಮನೆಯಲ್ಲೇ ಕೈಯಾಡಿಸಲು ಒಂದು ಯಂತ್ರವೂ ಬೇಕೆಂದು ತೀರ್ಮಾನಿಸಿತು. ಆ ಅವಕಾಶ ಗೆದ್ದದ್ದು ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿ. ಬಿಬಿಸಿಯವರ ಭೇಟಿಗೆ ಒಂದು ವಾರವೂ ಇರದಿದ್ದಾಗ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತು ಸಂಗಡಿಗರು ಮಾದರಿ ಯಂತ್ರವನ್ನು ಕಟ್ಟಿ ನಿಲ್ಲಿಸಿದ್ದು ಆ ಊರಿನ ಹೆಸರಾಂತ ಕಥೆಗಳಲ್ಲೊಂದು. ಸುಮಾರು 12,000 ಮಾರಾಟವಾದೀತು ಎಂದು ಮೊದಲು ಅಂದಾಜಿಸಿದ್ದ ಯಂತ್ರ ಕೊನೆಗೆ 15 ಲಕ್ಷದ ಗಡಿ ದಾಟಿತು. ಅದರ ಜೊತೆ ಬರುತ್ತಿದ್ದ ಸುಮಾರು 500 ಪುಟಗಳ ಕೈಪಿಡಿಯನ್ನು ನೋಡಿದರೆ ಸಾಕು, ತಯಾರಕರು ಕೊಳ್ಳುವವರನ್ನು ಎಷ್ಟು ಗೌರವದಿಂದ ಕಂಡಿದ್ದರು ಎಂಬುದು ತಿಳಿಯುತ್ತದೆ. ಬೇಸಿಕ್ ಭಾಷೆಯ ಪಾಠಗಳಿಂದ ಹೊರಟು, ಪ್ರೊಸೆಸರಿಗೆ ನೇರ ಆಜ್ಞೆ ಕೊಡುವ ಅಸೆಂಬ್ಲಿ ಭಾಷೆ, ಮೆಮೊರಿಯ ಯಾವ ವಿಳಾಸದಲ್ಲಿ ಏನಿದೆ ಎಂಬ ನಕ್ಷೆ, ಸರ್ಕ್ಯೂಟ್ ಬೋರ್ಡಿನಲ್ಲಿ ಯಾವ ಭಾಗ ಎಲ್ಲಿದೆ ಎಂಬ ಚಿತ್ರ, ಎಲ್ಲವೂ ಅದರಲ್ಲಿದ್ದವು. ಇವತ್ತು ಫೋನು ಕೊಂಡರೆ ಸಿಗುವ ಮಡಿಸಿದ ಹಾಳೆಯಲ್ಲಿ ಎಚ್ಚರಿಕೆಗಳಷ್ಟೇ ಇರುತ್ತವೆ.

ಯಂತ್ರದ ಹೃದಯ 6502 ಎಂಬ ಪ್ರೊಸೆಸರ್. ಅದರಲ್ಲಿರುವುದು ಸುಮಾರು 3,500 ಟ್ರಾನ್ಸಿಸ್ಟರ್. ಈಗಿನ ಫೋನಿನ ಚಿಪ್ಪಿನಲ್ಲಿ ಸಾವಿರ ಕೋಟಿ ದಾಟುತ್ತವೆ. ಮಾಡೆಲ್ ಬಿ ಯಂತ್ರದ ಮೆಮೊರಿ 32 ಕಿಲೋಬೈಟ್. ಪರದೆಯಲ್ಲಿ ನಯವಾದ ಚಿತ್ರ ಬೇಕೆಂದರೆ ಅದರಲ್ಲಿ 20 ಕಿಲೋಬೈಟ್ ಪರದೆಗೇ ಹೋಯಿತು. ಬರೀ ಅಕ್ಷರ ಸಾಕೆಂದರೆ ಒಂದೇ ಕಿಲೋಬೈಟ್‌ನಲ್ಲಿ ಮುಗಿಯಿತು. ಈ ಲೆಕ್ಕಾಚಾರದಲ್ಲಿ ಪಳಗಿದ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು, ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬನ್, 1984ರಲ್ಲಿ ‘ಎಲೈಟ್’ ಎಂಬ ಆಟ ತಂದರು. ಎಂಟು ನಕ್ಷತ್ರಪುಂಜಗಳು, ಒಂದೊಂದರಲ್ಲೂ 256 ಗ್ರಹಮಂಡಲಗಳು, ಒಂದೊಂದಕ್ಕೂ ಹೆಸರು, ಆರ್ಥಿಕತೆ, ಆಡಳಿತ. ಇಷ್ಟೆಲ್ಲವನ್ನು ಮೆಮೊರಿಯಲ್ಲಿ ಇಡಲು ಜಾಗವಿರಲಿಲ್ಲ. ಆರು ಬೈಟುಗಳ ಒಂದು ಬೀಜಸಂಖ್ಯೆಯಿಂದ ಬೇಕಾದಾಗ ಬೇಕಾದ ಗ್ರಹವನ್ನು ಲೆಕ್ಕ ಹಾಕಿ ಹುಟ್ಟಿಸುವ ದಾರಿ ಕಂಡುಕೊಂಡರು. ಪರದೆಯ ಮೇಲ್ಭಾಗಕ್ಕೆ ಸೂಕ್ಷ್ಮ ಗೆರೆಗಳು, ಕೆಳಗಿನ ಫಲಕಕ್ಕೆ ಬಣ್ಣ ಬೇಕೆಂದು, ಚಿತ್ರ ಮೂಡುತ್ತಿರುವಾಗಲೇ ನಡುವೆ ಪರದೆಯ ವಿಧಾನವನ್ನು ಬದಲಿಸಿದರು. ಆ ಪ್ರೋಗ್ರಾಮಿನ ಒಂದೊಂದು ಆದೇಶವನ್ನೂ ಬಿಡದೆ ಇಂದು ಹವ್ಯಾಸಿಗಳು ಟಿಪ್ಪಣಿ ಬರೆದಿದ್ದಾರೆ. ಹಾಗೆ ಕೊನೆಯ ಸಾಲಿನವರೆಗೆ ಓದಿ ಮುಗಿಸಬಹುದು ಎಂಬುದೇ ದೊಡ್ಡ ಸಂತೋಷ.

ಸರಳತೆ ಅಂದಿನ ಬಡತನವೇ ಹೊರತು ಗುಣವಲ್ಲ, ಮೆಮೊರಿ ಅಗ್ಗವಿದ್ದಿದ್ದರೆ ಯಾರೂ ಹೀಗೆ ಕಟ್ಟುತ್ತಿರಲಿಲ್ಲ ಎಂಬ ಆಕ್ಷೇಪ ಇದೆ. ಅದರ ಮೊದಲ ಅರ್ಧ ನಿಜ. ಆದರೆ ಅದೇ ಬಡತನದ ಶಿಸ್ತಿನಿಂದ ಏನು ಹೊರಟಿತು ಎಂಬುದನ್ನೂ ನೋಡಬೇಕು. ಏಕಾರ್ನ್ ತನ್ನದೇ ಹೊಸ ಪ್ರೊಸೆಸರ್ ರೂಪಿಸಲು ಹೊರಟಾಗ ವಿಲ್ಸನ್ ಆದೇಶಗಳ ಪಟ್ಟಿಯನ್ನು ಹೆಣೆದರು, ಫರ್ಬರ್ ಇಡೀ ಚಿಪ್ಪಿನ ನಡೆಯನ್ನು ಬಿಬಿಸಿ ಬೇಸಿಕ್‌ನಲ್ಲೇ ಸುಮಾರು 800 ಸಾಲಿನಲ್ಲಿ ಬರೆದರು. 1985ರ ಏಪ್ರಿಲ್‌ನಲ್ಲಿ ಬಂದ ಆ ಚಿಪ್ ಮೊದಲು ಓಡಿದ್ದು ಬಿಬಿಸಿ ಮೈಕ್ರೊದ ಅಡಿಯಲ್ಲಿದ್ದ ‘ಟ್ಯೂಬ್’ ಎಂಬ ಸಂಪರ್ಕಕ್ಕೆ ಜೋಡಿಸಿಕೊಂಡು. ಹೆಸರು ಆರ್ಮ್. ಈ ಲೇಖನವನ್ನು ನೀವು ಫೋನಿನಲ್ಲಿ ಓದುತ್ತಿದ್ದರೆ ಅದರೊಳಗಿರುವುದು ಬಹುತೇಕ ಅದರ ಸಂತತಿಯೇ. ಆ ಸಂತತಿಯನ್ನು ಬೆಳೆಸುವ ಕೆಲಸದ ಒಂದು ಪಾಲು ಬೆಂಗಳೂರಿನಲ್ಲೂ ನಡೆಯುತ್ತದೆ. ಇಂದಿನ ಹವ್ಯಾಸಿಗಳು ಅದೇ ಟ್ಯೂಬ್ ಸಂಪರ್ಕಕ್ಕೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಿಕ್ಕಿಸಿ, ಆರ್ಮ್ ಮೊಮ್ಮಗನನ್ನು ಅಜ್ಜನ ಮನೆಯಲ್ಲಿ ದುಡಿಸುತ್ತಿದ್ದಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ದೇಶದಿಂದಲೇ ಬರುತ್ತದೆ. 1984-85ರಲ್ಲಿ ಶುರುವಾದ ‘ಕ್ಲಾಸ್’ ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆಯಡಿ ಭಾರತದ ಶಾಲೆಗಳಿಗೂ ಬಿಬಿಸಿ ಮೈಕ್ರೊ ಬಂತು. ಅಲ್ಲೂ ಇಲ್ಲೂ ಅದೇ ಪ್ರೊಸೆಸರ್, ಅದೇ ಬೇಸಿಕ್; ಆದರೂ ಬ್ರಿಟನ್ನಿನಲ್ಲಿ ಬೆಳೆದಂಥ ಹವ್ಯಾಸಿಗಳ ಪರಂಪರೆ ಇಲ್ಲಿ ಬೇರೂರಲಿಲ್ಲ. ಹಾಗಾದರೆ ತಳ ಕಾಣುವ ಗುಣಕ್ಕೆ ಬೆಲೆಯೇನು? ನನ್ನ ಉತ್ತರ ಇಷ್ಟೇ: ಬಗ್ಗಿ ನೋಡಲು ಹೊತ್ತು ಬೇಕು. ಬ್ರಿಟನ್ನಿನ ಮಗುವಿಗೆ ಟೀವಿ ಸರಣಿ, ತಿಂಗಳಿಗೊಮ್ಮೆ ಬರುವ ಪತ್ರಿಕೆಯಲ್ಲಿ ಟೈಪ್ ಮಾಡಲು ಅಚ್ಚಾದ ಪ್ರೋಗ್ರಾಂ, ಹಲವರಿಗೆ ಮನೆಯಲ್ಲೇ ಯಂತ್ರ ಇದ್ದವು. ಇಲ್ಲಿ ಶಿಕ್ಷಕರ ತರಬೇತಿ ಅಲ್ಪಕಾಲದ್ದು, ವಿದ್ಯಾರ್ಥಿಗೆ ಕೀಬೋರ್ಡ್ ಮುಂದೆ ಸಿಕ್ಕ ಸಮಯ ಇನ್ನೂ ಅಲ್ಪ. ಯಂತ್ರ ತೆರೆದಿತ್ತು, ಅದರ ಬಳಿಗೆ ಹೋಗುವ ದಾರಿ ತೆರೆದಿರಲಿಲ್ಲ.

ಇನ್ನು, ಹಳೆಯ ಯಂತ್ರವನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಎಮ್ಯುಲೇಟರ್ ಇರುವಾಗ ಹಳೆಯ ಪೆಟ್ಟಿಗೆ ಏಕೆ ಎನ್ನುವವರಿಗೆ ಒಂದು ಮಾತು. ಎಮ್ಯುಲೇಟರ್ ಬರೆಯಲು ಸಾಧ್ಯವಾದದ್ದೇ ಯಾರೋ ಆ ಪೆಟ್ಟಿಗೆಯನ್ನು ಬಿಚ್ಚಿ ಅರಿತಿದ್ದರಿಂದ. 6502ರ ಕವಚ ತೆಗೆದು, ಒಳಗಿನ ಪದರಗಳ ಫೋಟೊ ಹಿಡಿದು, ಒಂದೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿದವರು ಹವ್ಯಾಸಿಗಳೇ. ಈ ಅರಿವು ಕೈತಪ್ಪಿದರೆ ಆಗುವ ನಷ್ಟ ಚಿಕ್ಕದಲ್ಲ. ಇಂಗ್ಲೆಂಡಿನ ಜಮೀನು-ಆಸ್ತಿಗಳ ಸಮೀಕ್ಷೆಯಾದ 1086ರ ಡೂಮ್ಸ್‌ಡೇ ದಾಖಲೆಗೆ 900 ವರ್ಷ ತುಂಬಿದಾಗ ಬಿಬಿಸಿ ಇಡೀ ಬ್ರಿಟನ್ನಿನ ಹೊಸ ಚಿತ್ರಣವನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಶಾಲಾಮಕ್ಕಳು, ತಮ್ಮ ಊರಿನ ವಿವರ ಬರೆದರು. ಅದನ್ನೆಲ್ಲ ಲೇಸರ್ ಡಿಸ್ಕಿಗೆ ಇಳಿಸಿ, ಬಿಬಿಸಿ ಮಾಸ್ಟರ್ ಕಂಪ್ಯೂಟರಿಗೆ ಜೋಡಿಸಿದ ವಿಶೇಷ ಪ್ಲೇಯರಿನಲ್ಲಿ ಮಾತ್ರ ಓದುವಂತೆ ಮಾಡಲಾಯಿತು. 2002ರ ಹೊತ್ತಿಗೆ ಅಂಥ ಪ್ಲೇಯರುಗಳೇ ವಿರಳವಾಗಿದ್ದವು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಯಂತ್ರದ ನಡೆಯನ್ನು ಸಾಫ್ಟ್‌ವೇರಿನಲ್ಲಿ ಮರುಕಟ್ಟಿ ತೋರಿಸಿದರು. ಮಕ್ಕಳು ಬರೆದ ಆ ಊರುಗಳ ವಿವರಗಳನ್ನು ಬಿಬಿಸಿ 2011ರಲ್ಲಿ ಇಂಟರ್ನೆಟ್ಟಿಗೆ ತಂದಿತು.